ಮೂರು ತಟ್ಟೆಯ ಎರೆಹುಳು ಪೆಟ್ಟಿಗೆ: ಪೆಟ್ಟಿಗೆ ಸರಿ, ಚೀಟಿಯ ಹೆಸರು ತಪ್ಪು

ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ಮಾಡಿಕೊಳ್ಳಲೆಂದು ಆನ್‌ಲೈನ್‌ನಲ್ಲಿ ತರಿಸಿದ ಈ ಪೆಟ್ಟಿಗೆಯನ್ನು ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ದೂರಿಲ್ಲ: ಮುಚ್ಚಳ ಬಿಗಿಯಾಗಿ ಕೂರುತ್ತದೆ, ತಟ್ಟೆಯ ತೂತುಗಳಲ್ಲಿ ಹುಳುಗಳು ಸಲೀಸಾಗಿ ಮೇಲೇರುತ್ತವೆ, ಕೆಳಗಿನ ನಲ್ಲಿ ಸೋರುವುದಿಲ್ಲ. ತೊಂದರೆಯಾದದ್ದು ಜೊತೆಗೆ ಬಂದ ಹುಳುಗಳ ಪೊಟ್ಟಣದಿಂದ.

ಪೊಟ್ಟಣದ ಚೀಟಿಯಲ್ಲಿ ‘ನೈಟ್ ಕ್ರಾಲರ್’ ಎಂದಷ್ಟೇ ಇತ್ತು. ನೆಲದಲ್ಲಿ ಆಳವಾದ ಬಿಲ ತೋಡಿ, ರಾತ್ರಿ ಮೇಲೆ ಬಂದು ಎಲೆಗಳನ್ನು ಒಳಗೆಳೆದುಕೊಳ್ಳುವ ಲುಂಬ್ರಿಕಸ್ ಟೆರೆಸ್ಟ್ರಿಸ್‌ಗೂ, ಗೊಬ್ಬರದ ತೊಟ್ಟಿಗಳಲ್ಲಿ ಸಾಕುವ, ಚಳಿ ತಡೆಯದ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೇಗೂ ಇದೇ ಹೆಸರು ನಡೆಯುತ್ತದೆ. ನಾನು ಮೊದಲನೆಯದೆಂದೇ ತಿಳಿದು, ಕೈಪಿಡಿಯಲ್ಲಿದ್ದಂತೆ ತಟ್ಟೆಯ ತುಂಬ ಮಣ್ಣು ಹಾಕಿದೆ. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳುಗಳು ಅದರ ಒಳಮೈಗೆ ಗುಂಪುಗುಂಪಾಗಿ ಅಂಟಿಕೊಂಡಿದ್ದವು.

ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಕೆಂಗಂದು ಮೈ, ಉಂಗುರಗಳ ನಡುವೆ ತೆಳು ಹಳದಿ ಪಟ್ಟೆ. ತುಸು ಒತ್ತಿದೊಡನೆ ಹಳದಿ ದ್ರವ ಒಸರಿತು, ಕೈಯೆಲ್ಲ ನಾತ. ಟೈಗರ್ ವರ್ಮ್, ರೆಡ್ ವಿಗ್ಲರ್, ಬ್ರ್ಯಾಂಡ್ಲಿಂಗ್ ಎಂದೆಲ್ಲ ಕರೆಸಿಕೊಳ್ಳುವ ಐಸೀನಿಯಾ ಫೆಟಿಡಾ ಇದು. ‘ಫೆಟಿಡಾ’ ಎಂದರೆ ಲ್ಯಾಟಿನ್‌ನಲ್ಲಿ ದುರ್ನಾತದ್ದು ಎಂದರ್ಥ. 1826ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಸವಿನ್ಯಿ ಇಟ್ಟ ಆ ಹೆಸರನ್ನು ಸೋಪು ಹಾಕಿ ಎರಡು ಸಲ ತೊಳೆಯಬೇಕಾಯಿತು. ಕೊಳೆಯುವ ಎಲೆ, ಸಗಣಿಯ ರಾಶಿಯಲ್ಲಿ ಬದುಕುವ ಈ ಹುಳುವಿಗೆ ಬರೀ ಮಣ್ಣಿನಲ್ಲಿ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಮಣ್ಣು ತೆಗೆದು, ನೆನೆಸಿ ಹಿಂಡಿದ ರಟ್ಟಿನ ಚೂರು ಮತ್ತು ಅರೆಕೊಳೆತ ತರಗೆಲೆ ಹಾಸಿದ ಮೇಲೆ ಎರಡೇ ದಿನಕ್ಕೆ ಎಲ್ಲವೂ ಒಳಗಿಳಿದವು.

ಜನರು ಬಾಯಿಮಾತಿನಲ್ಲಿ ಇಟ್ಟ ಹೆಸರುಗಳನ್ನು ನಾನು ಆಕ್ಷೇಪಿಸುತ್ತಿಲ್ಲ. ತೆಲುಗಿನಲ್ಲಿ ಎರೆಹುಳು ‘ವಾನಪಾಮು’, ಅಂದರೆ ಮಳೆಹಾವು, ಜರ್ಮನ್ ಭಾಷೆಯಲ್ಲಿ ಅದು ಮಳೆಹುಳು, ತಮಿಳಿನಲ್ಲಿ ಮಣ್ಣುಹುಳು. ಯಾವಾಗ, ಎಲ್ಲಿ ಕಣ್ಣಿಗೆ ಬಿತ್ತೆಂಬುದನ್ನು ಈ ಹೆಸರುಗಳು ಹೇಳುತ್ತವೆ, ಜಾತಿ ಗುರುತಿಸುವ ಹೊಣೆ ಅವಕ್ಕಿಲ್ಲ. ಹಣ ಪಡೆದು ಕಳುಹಿಸುವ ಪೊಟ್ಟಣಕ್ಕೆ ಆ ಹೊಣೆ ಖಂಡಿತ ಇದೆ. ತಪ್ಪನ್ನು ತಿಳಿಸಿದಾಗ ಮಾರಾಟಗಾರರು ‘ಎಲ್ಲವೂ ಎರೆಹುಳುವೇ ಅಲ್ಲವೇ’ ಎಂದು ಉತ್ತರಿಸಿದರು.

ಪೆಟ್ಟಿಗೆಗೆ ಐದರಲ್ಲಿ ನಾಲ್ಕು ಅಂಕ. ಹುಳುಗಳು ಜೀವಂತವಾಗಿ, ಚುರುಕಾಗಿ ಬಂದಿದ್ದರಿಂದ ಪೊಟ್ಟಣಕ್ಕೆ ಎರಡು. ಕೊಳ್ಳುವವರು ಹುಳುವಿನ ವೈಜ್ಞಾನಿಕ ಹೆಸರನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.