ಕೋಟೆಯ ನಕ್ಷೆಗೆ ಗೂಗಲ್ಲೋ, ಲೀಫ್ಲೆಟ್ಟೋ?

ಚಿತ್ರದುರ್ಗದ ಕೋಟೆಗೆ ಬರುವವರಿಗಾಗಿ ವೆಬ್‌ಸೈಟಿನಲ್ಲಿ ನಕ್ಷೆ ಹಾಕುವುದಾದರೆ ನನ್ನ ಓಟು ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಕೋಡ್ ಲೈಬ್ರರಿಯಾದ ಲೀಫ್ಲೆಟ್‌ಗೆ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳ ನಕ್ಷೆಗಾದರೆ ಗೂಗಲ್ ಮ್ಯಾಪ್ಸ್. ತೆರೆಯುವ ಸಮಯ, ಗಿರಾಕಿಗಳ ಅಭಿಪ್ರಾಯ ಎಲ್ಲಾ ಅಲ್ಲೇ ಸಿಗುತ್ತದೆ.

ಗೂಗಲ್‌ನಲ್ಲಿ ಭಾಷೆ ಕನ್ನಡ ಎಂದು ಕೊಟ್ಟರೆ ಗುಂಡಿಗಳೂ ಕನ್ನಡಕ್ಕೆ ತಿರುಗುತ್ತವೆ. ಪುಟ ಸರಿಸುವಾಗ ನಕ್ಷೆ ಸುಮ್ನೆ ಜಾರದಂತೆ, ಎರಡು ಬೆರಳಿಗೆ ಮಾತ್ರ ಅಲುಗಾಡುವ ಏರ್ಪಾಡೂ ಇದೆ. ಲೀಫ್ಲೆಟ್‌ಗೆ ಅದಕ್ಕೆ ಬೇರೆ ಪ್ಲಗಿನ್ (ಜೊತೆಗೆ ಸೇರಿಸುವ ಕೋಡು) ಹಾಕಬೇಕು. ಆದರೆ ಗೂಗಲ್‌ಗೆ ಕೀ (ಗೂಗಲ್ ಕೊಡುವ ಗುರುತಿನ ಸಂಕೇತ) ಬೇಕು, ಬಿಲ್ಲಿಂಗ್ ಖಾತೆ ಬೇಕು. ಬಳಕೆ ಮಿತಿ ದಾಟಿದರೆ ದುಡ್ಡು.

2011ರಲ್ಲಿ ಬಂದ ಲೀಫ್ಲೆಟ್ ಉಚಿತ, ತುಂಬಾ ಹಗುರ. ನೆಟ್‌ವರ್ಕ್ ಕುಂಟುವಾಗ ಈ ಹಗುರತನವೇ ಕೈಹಿಡಿಯುತ್ತದೆ. ಅದರ ಕೆಳಗೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಸಿದರೆ ಇನ್ನೊಂದು ಲಾಭ. ಓಬವ್ವನ ಕಿಂಡಿಗೋ ಅಕ್ಕ-ತಂಗಿ ಹೊಂಡಕ್ಕೋ ಹೋಗುವ ಕಾಲುದಾರಿ ಬಿಟ್ಟುಹೋಗಿದ್ದರೆ ನೀವೇ ಸೇರಿಸಬಹುದು. ಗೂಗಲ್‌ಗೆ ಸಲಹೆ ಕಳಿಸಿ ಕಾಯಬೇಕು, ಅಲ್ವಾ?

ಯಾವುದೇ ಇರಲಿ, ಗುರುತುಗಳು ಒಂದರ ಮೇಲೊಂದು ಬಿದ್ದರೆ ಗುಂಪಾಗಿ ತೋರಿಸಿ. ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ನಕ್ಷೆಯ ಮೂಲೆಯಲ್ಲಿ ಅದರ ಹೆಸರು ಕಾಣಲೇಬೇಕು, ಅಳಿಸಬೇಡಿ.