ಗರ್ಭಪಾತದ ನಂತರ ‘ಒಳಗಿನ ಕೊಳೆ ತೆಗೆಯುವ’ ಗಿಡಮೂಲಿಕೆ ಗುಂಡು ಇಟ್ಟುಕೊಳ್ಳಬೇಡಿ

ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಏಳು ವಾರಕ್ಕೆ ಮಾತ್ರೆ ತಗೊಂಡು ಗರ್ಭಪಾತ ಮಾಡಿಸಿಕೊಂಡಿದ್ದಳು. ಆರನೇ ದಿನ ಪ್ಯಾಡಿನಲ್ಲಿ ಕೆಟ್ಟ ವಾಸನೆ. ಪಕ್ಕದ ಮನೆಯವರು ಆನ್‌ಲೈನ್‌ನಲ್ಲಿ ಗಿಡಮೂಲಿಕೆ ಗುಂಡು ತರಿಸಿಕೊಟ್ಟರು: ಅಡಿಕೆ ಗಾತ್ರ, ಸುತ್ತ ಬಲೆಬಟ್ಟೆ, ಕೆಳಗೆ ದಾರ. ಎರಡು ದಿನ ಯೋನಿಯೊಳಗಿಟ್ಟು ಎಳೆದಾಗ ಬೂದು ಬಣ್ಣದ ಸಿಪ್ಪೆಯಂಥದ್ದು ಅಂಟಿಕೊಂಡು ಬಂತು. ಕೊಳೆ ಹೋಯಿತು ಅಂತ ಎಲ್ಲರಿಗೂ ಸಮಾಧಾನ. ಅದೇ ರಾತ್ರಿ ಚಳಿ, 102 ಡಿಗ್ರಿ ಜ್ವರ, ಕೈ ಇಡಲಾಗದಷ್ಟು ಕಿಬ್ಬೊಟ್ಟೆ ನೋವು. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಗರ್ಭದ ಚೂರು ಉಳಿದಿದ್ದು ಕಂಡಿತು. ಅದನ್ನು ತೆಗೆಸಿ, ರಕ್ತನಾಳಕ್ಕೆ ಆಂಟಿಬಯೋಟಿಕ್ ಹಾಕಿಸಬೇಕಾಯಿತು.

ವಾಸನೆ ಶುರುವಾಗಿದ್ದು ಗುಂಡಿನಿಂದಲ್ಲ, ಉಳಿದಿದ್ದ ಆ ಚೂರಿಗೆ ಸೋಂಕು ತಗುಲಿದ್ದರಿಂದ. ಆದರೆ ಆರನೇ ದಿನವೇ ಆಸ್ಪತ್ರೆಗೆ ಹೋಗಬೇಕಾದವಳನ್ನು ಎರಡು ದಿನ ಮನೆಯಲ್ಲೇ ಕೂರಿಸಿದ್ದು ಆ ಗುಂಡು. ನಮಗೆ ಸಂಕಟವಾಗುವುದು ಇದಕ್ಕೇ.

ಗರ್ಭಪಾತವಾದ ಕೆಲವು ದಿನ ಗರ್ಭಕೋಶದ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ, ಒಳಗೋಡೆ ಹಸಿಗಾಯದಂತಿರುತ್ತದೆ. ಯೋನಿಯ ಆಮ್ಲೀಯತೆ ಸಾಮಾನ್ಯವಾಗಿ ಪಿಎಚ್ 3.8ರಿಂದ 4.5, ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದಂತೆ ಅದು ಕಾಯುತ್ತದೆ. ರಕ್ತದ ಪಿಎಚ್ ಸುಮಾರು 7.4. ಅಂದರೆ ರಕ್ತ ಹೋಗುತ್ತಿರುವಾಗ ಆ ಕಾವಲು ಮೊದಲೇ ಸಡಿಲ. ಅಂಥ ಹೊತ್ತಲ್ಲಿ ರಕ್ತ ಹೀರಿಕೊಂಡ ಬಟ್ಟೆಯ ಗುಂಡು ಎರಡು ದಿನ ಕೂತರೆ ಏನಾಗುತ್ತದೆ ಯೋಚಿಸಿ. ಆ ಬೂದು ಸಿಪ್ಪೆಯೂ ಕೊಳೆಯಲ್ಲ. ಮದ್ದಿನ ಉರಿಗೆ ಸುಲಿದ ಒಳಚರ್ಮ ಮತ್ತು ಲೋಳೆ ಅದು.

ಗ್ರಂಧಿಗೆ ಅಂಗಡಿಯ ಪಟಿಕದ ಪುಡಿ, ಬೇವಿನ ಕಷಾಯದಲ್ಲಿ ಒಳಗೆ ತೊಳೆಯುವುದು, ಅರಿಶಿನ ಹಚ್ಚಿದ ಹತ್ತಿ, ಕೆಂಡದ ಧೂಪಕ್ಕೆ ಕೂರುವುದು, ಇವಕ್ಕೂ ಇದೇ ಮಾತು. ಪಟಿಕ ಒಳಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ಕಲಿತ ಆಯುರ್ವೇದ ವೈದ್ಯರು ಮಾಡುವ ಪಿಚು (ಔಷಧಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಒಳಗಿಡುವುದು) ಬೇರೆ ವಿಷಯ, ಆದರೂ ರಕ್ತ ಹೋಗುತ್ತಿರುವಾಗ ಅದೂ ಬೇಡ. ರಕ್ತ ಪೂರ್ತಿ ನಿಂತು, ಎರಡು ವಾರದ ತಪಾಸಣೆಯಲ್ಲಿ ಗರ್ಭಕೋಶ ಖಾಲಿಯಾಗಿದೆ ಎಂದು ಖಚಿತವಾದ ಮೇಲೆ, ಗರ್ಭಪಾತವಾಗಿದ್ದನ್ನು ವೈದ್ಯರಿಗೆ ಹೇಳಿಯೇ ಕೇಳಿ. ಎಣ್ಣೆ ಬೆರೆತ ಮದ್ದಾದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಎರಡನೇ ವಾರದಲ್ಲೇ ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಇದನ್ನು ಮರೆಯಬೇಡಿ.

ಆ ತಪಾಸಣೆಯಾಗುವವರೆಗೆ ಹೊರಗಡೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಮುಂದಿನಿಂದ ಹಿಂದಕ್ಕೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ. ಟ್ಯಾಂಪನ್, ಕಪ್ ಎರಡೂ ಬೇಡ.

ಈಗಾಗಲೇ ಇಟ್ಟುಕೊಂಡಿದ್ದರೆ ಕೈ ಸೋಪಿನಲ್ಲಿ ತೊಳೆದು, ಕುಕ್ಕರಗಾಲಲ್ಲಿ ಕೂತು, ದಾರವನ್ನು ನಿಧಾನವಾಗಿ ಎಳೆಯಿರಿ. ದಾರ ಸಿಗದಿದ್ದರೆ, ಹರಿದುಹೋದರೆ ಬೆರಳು ಹಾಕಿ ಕೆದಕಬೇಡಿ. ಡಾಕ್ಟರು ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ನೋಡುವ ಸಾಧನ) ಹಾಕಿ ಒಂದೆರಡು ನಿಮಿಷದಲ್ಲಿ ತೆಗೆಯುತ್ತಾರೆ.

ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು ಅದು ಎರಡು ಗಂಟೆ ಮುಂದುವರಿದರೆ, ಗರ್ಭಪಾತದ ಮಾತ್ರೆ ಹಾಕಿಕೊಂಡು 24 ಗಂಟೆ ಕಳೆದ ಮೇಲೂ 100.4 ಡಿಗ್ರಿ ದಾಟಿದ ಜ್ವರ ಇದ್ದರೆ, ಕೆಟ್ಟ ವಾಸನೆ ಬಂದರೆ, ತಲೆ ಸುತ್ತಿ ಬೀಳುವಂತಾದರೆ ಬೆಳಗಾಗಲಿ ಅಂತ ಕಾಯಬೇಡಿ. ಜ್ವರವೇ ಇಲ್ಲದೆ ವಾಂತಿ, ಭೇದಿ, ವಿಪರೀತ ಸುಸ್ತು ಆದರೂ ಅಷ್ಟೇ; ಅಪರೂಪದ ಒಂದು ಸೋಂಕು ಹಾಗೇ ಬರುತ್ತದೆ, ಬಂದರೆ ಜೀವಕ್ಕೇ ಕುತ್ತು. 108ಕ್ಕೆ ಫೋನ್ ಮಾಡಿ, ಇಲ್ಲವೇ ಬೆಂಗಳೂರಿನ ವಾಣಿವಿಲಾಸದಂಥ ಹೆರಿಗೆ ಆಸ್ಪತ್ರೆಗೆ ನೇರ ಹೋಗಿ.

ಮನೆಯವರಿಗೆ ಗೊತ್ತಾಗುತ್ತದೆ ಅಂತ ಹೆದರಿ ತಡಮಾಡುವವರೇ ಹೆಚ್ಚು. ಎಂಟಿಪಿ ಕಾಯ್ದೆಗೆ (ಗರ್ಭಪಾತದ ಕಾನೂನು) 2021ರಲ್ಲಿ ಆದ ತಿದ್ದುಪಡಿ ಪ್ರಕಾರ ಗರ್ಭಪಾತ ಮಾಡಿಸಿಕೊಂಡವರ ಹೆಸರು, ವಿವರವನ್ನು ಕಾನೂನು ಅಧಿಕಾರ ಇಲ್ಲದವರಿಗೆ ವೈದ್ಯರು ಹೇಳುವಂತಿಲ್ಲ, ಹೇಳಿದರೆ ಶಿಕ್ಷೆ ಇದೆ. ಹೋಗುವಾಗ ಆ ಗುಂಡಿನ ಪ್ಯಾಕೆಟ್, ಮಾತ್ರೆಯ ಚೀಟಿ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.