ಲಿಚೆಸ್ ಟೇಬಲ್‌ಬೇಸ್: ಗೆಲ್ಲಬೇಕಿದ್ದ ಎಂಡ್‌ಗೇಮ್ ಡ್ರಾ ಆದಮೇಲೆ ನೋಡಬೇಕಾದದ್ದು

ಮಂಗಳೂರು, ಉಡುಪಿ ಕಡೆ ಭಾನುವಾರ ಬಂತೆಂದರೆ ಮಕ್ಕಳನ್ನು ಚೆಸ್ ಟೂರ್ನಮೆಂಟ್‌ಗೆ ಕರೆದುಕೊಂಡು ಹೋಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ಸೈಟಿನಲ್ಲಿ ಟೇಬಲ್‌ಬೇಸ್ ಅಂತ ಒಂದು ಸೌಲಭ್ಯ ಇದೆ, ಎಂಡ್‌ಗೇಮ್ ಅಂದರೆ ಕಾಯಿ ಕಡಿಮೆ ಉಳಿದ ಕೊನೆಯ ಹಂತದ ಆಟ ನೋಡುವುದಕ್ಕೆ. ಪೂರ್ತಿ ಉಚಿತ. ಜಾಹೀರಾತಿನ ಕಾಟ ಇಲ್ಲ, ಇಡೀ ಸೈಟ್ ದೇಣಿಗೆಯಿಂದ ನಡೆಯುತ್ತದೆ. ನಮ್ಮ ಹುಡುಗರು ಅಲ್ಲಿ ದಿನಾ ಬ್ಲಿಟ್ಜ್ (ಕೆಲವೇ ನಿಮಿಷದ ಆಟ) ಆಡುತ್ತಾರೆ, ಇದನ್ನು ಮಾತ್ರ ತೆರೆದೇ ನೋಡಿರುವುದಿಲ್ಲ. ಬೇಜಾರಾಗುತ್ತದೆ.

ಬಳಸುವುದು ಸುಲಭ. ಅನಾಲಿಸಿಸ್ ಬೋರ್ಡಿನಲ್ಲಿ ಆಟ ಹಾಕಿ, ಪುಸ್ತಕದ ಗುರುತು ಒತ್ತಿ. ಎರಡೂ ಕಿಂಗ್ ಸೇರಿ ಬೋರ್ಡಿನ ಮೇಲೆ 7 ಅಥವಾ ಅದಕ್ಕಿಂತ ಕಡಿಮೆ ಕಾಯಿ ಇದ್ದರೆ, ಪ್ರತಿ ಮೂವ್‌ಗೂ ಗೆಲುವೋ, ಡ್ರಾವೋ, ಸೋಲೋ ಅಂತ ಬರುತ್ತದೆ. ಇದು ಅಂದಾಜಲ್ಲ, ಎಲ್ಲಾ ಪೊಸಿಷನ್‌ಗಳನ್ನೂ ಮೊದಲೇ ಲೆಕ್ಕ ಮಾಡಿ ಇಟ್ಟಿರುವ ಖಚಿತ ಉತ್ತರ. ಈ ಉತ್ತರಗಳು ಇರುವ ಸಿಜಿಜಿ (Syzygy) ಅನ್ನುವ ಫೈಲ್‌ಗಳು 7 ಕಾಯಿಯವೇ 16 ಟೆರಾಬೈಟಿಗೂ ಜಾಸ್ತಿ, ಹಾಗಾಗಿ ನೆಟ್ ಬೇಕೇ ಬೇಕು.

ಇದರ ಬೆಲೆ ಗೊತ್ತಾಗಬೇಕಾದರೆ 2021ರ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟ ಹಾಕಿ ನೋಡಿ. ದುಬೈ, ಡಿಸೆಂಬರ್ 3, ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ. 136 ಮೂವ್, ಏಳೂಮುಕ್ಕಾಲು ಗಂಟೆ. 40ನೇ ಮೂವ್‌ಗೆ ಮುಂಚೆ ಟೈಮ್ ಸಾಲದೆ ಇಬ್ಬರೂ ಒಳ್ಳೆಯ ಅವಕಾಶ ಬಿಟ್ಟಿದ್ದರು. ಕೊನೆಗೆ ಒಂದು ಕಡೆ ರೂಕ್, ನೈಟ್, ಎರಡು ಪಾನ್. ಇನ್ನೊಂದು ಕಡೆ ಬರೀ ಕ್ವೀನ್. ಟೇಬಲ್‌ಬೇಸ್ ಪ್ರಕಾರ ಅದು ಡ್ರಾ. 130ನೇ ಮೂವ್‌ನಲ್ಲಿ ನೆಪೊ ಕ್ವೀನನ್ನು ಇ6ಕ್ಕೆ ಇಟ್ಟರು, ಅಲ್ಲಿಗೆ ಸೋಲು. ಅಷ್ಟು ಹೊತ್ತು ಕಾಪಾಡಿಕೊಂಡ ಡ್ರಾ ಯಾವ ಮೂವ್‌ನಲ್ಲಿ ಹೋಯಿತು ಅಂತ ಮನೆಯಲ್ಲಿ ಕೂತ ಮಗುವಿಗೂ ಕಾಣುತ್ತದೆ, ಎಷ್ಟು ದೊಡ್ಡ ವಿಷಯ ಅಲ್ವಾ?

ಆದರೆ ಇದೊಂದನ್ನೇ ನಂಬಿ ಕೂರಬೇಡಿ ಮಾರಾಯ್ರೆ. ಅಕ್ಕನ ಮಗ ಮಂಗಳೂರಿನಲ್ಲಿ ಒಂದು ಉದ್ದದ ಆಟ ಆಡಿ ಡ್ರಾ ಮಾಡಿಕೊಂಡ. ಅವನ ಪಾನ್ ಜಿ7ರಲ್ಲಿ, ಕಿಂಗ್ ಜಿ8ರಲ್ಲಿ, ರೂಕ್ ಇ1ರಲ್ಲಿ. ಎದುರಾಳಿಯ ಕಿಂಗ್ ಡಿ7, ರೂಕ್ ಎಚ್2. ಲುಸೆನಾ ಅಂತ ಪುಸ್ತಕಗಳಲ್ಲಿ ಇರುವ, ಪಾನ್ ಇರುವವರು ಗೆಲ್ಲಬೇಕಾದ ಪೊಸಿಷನ್ನೇ. ಅವನು ಕಿಂಗನ್ನು ಸೀದಾ ಹೊರಗೆ ತಂದ. ಚೆಕ್ ಮೇಲೆ ಚೆಕ್. ಕಿಂಗ್ ಜಿ6, ಎಚ್6, ಮತ್ತೆ ಜಿ6 ಅಂತ ಓಡಾಡಿ ಒಂದೇ ಪೊಸಿಷನ್ ಮೂರು ಸಲ ಬಂತು, ಎದುರಾಳಿ ಡ್ರಾ ಕೇಳಿದ. ಉಡುಪಿ ಬಸ್ಸಲ್ಲಿ ಕೂತು ಸ್ಕೋರ್‌ಶೀಟ್ ನೋಡಿ ಮೂವ್ ಎಲ್ಲಾ ಟೇಬಲ್‌ಬೇಸ್‌ಗೆ ಹಾಕಿದ ಮೇಲೆ ಕೇಳಿದ, "ಮಾಮ, ಇದ್ರಲ್ಲಿ ನನ್ ತಪ್ಪೇ ತೋರಿಸ್ತಿಲ್ವಲ್ಲ?"

ಅವನು ಹೇಳಿದ್ದು ಸರಿ. ಕೊನೆಯ ತನಕ ಎಲ್ಲಾ ಮೂವ್‌ಗೂ ಗೆಲುವು ಅಂತಲೇ ಬರುತ್ತದೆ, ಯಾಕೆಂದರೆ ಕಿಂಗ್ ವಾಪಸ್ ಜಿ8ಕ್ಕೆ ಹೋಗಿ ಹೊಸದಾಗಿ ಶುರು ಮಾಡಬಹುದು. ಪೊಸಿಷನ್ ಎಷ್ಟು ಸಲ ಬಂದಿದೆ ಅನ್ನುವ ಲೆಕ್ಕ ಟೇಬಲ್‌ಬೇಸ್‌ಗೆ ಇಲ್ಲ. ಹುಡುಗನ ಹತ್ತಿರ ಪ್ಲಾನ್ ಇರಲಿಲ್ಲ ಅನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು ರೂಕ್ ಇ4ಕ್ಕೆ ಹೋಗಬೇಕಿತ್ತು. ಆಮೇಲೆ ಕಿಂಗ್ ಚೆಕ್ ತಪ್ಪಿಸಿಕೊಳ್ಳುತ್ತಾ ಜಿ5ಕ್ಕೆ ಇಳಿದಾಗ ರೂಕ್ ಜಿ4ಕ್ಕೆ ಬಂದು ಅಡ್ಡ ನಿಲ್ಲುತ್ತದೆ, ಚೆಕ್ ಮುಗಿಯುತ್ತದೆ, ಪಾನ್ ಕ್ವೀನ್ ಆಗುತ್ತದೆ. ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು, ಇಲ್ಲವೇ ಅದೇ ಸೈಟಿನ ಪ್ರಾಕ್ಟೀಸ್ ವಿಭಾಗದಲ್ಲಿ ರೂಕ್ ಎಂಡ್‌ಗೇಮ್‌ಗಳನ್ನು ಕೈಯಾರೆ ಆಡಿ ಕಲಿಯಬೇಕು. ಆ ವಿಭಾಗ ನಿಜಕ್ಕೂ ಚೆನ್ನಾಗಿದೆ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಮಗು ಮೊದಲು ತನಗೆ ಅನಿಸಿದ್ದನ್ನು ಸ್ಕೋರ್‌ಶೀಟ್ ಪಕ್ಕ ಪೆನ್ಸಿಲಲ್ಲಿ ಬರೆಯಲಿ, ಆಮೇಲೆ ಟೇಬಲ್‌ಬೇಸ್ ತೆರೆಯಲಿ. ಸುಮ್ನೆ ಅದರ ಉತ್ತರ ನೋಡಿ ತಲೆ ಆಡಿಸಿದರೆ ಮುಂದಿನ ಟೂರ್ನಮೆಂಟ್‌ಗೆ ಏನೂ ಉಳಿಯುವುದಿಲ್ಲ. ಮತ್ತೆ, ಆಟ ಮುಗಿದು ಹಾಲ್‌ನಿಂದ ಹೊರಗೆ ಬರುವ ತನಕ ಫೋನ್ ನಿಮ್ಮ ಬ್ಯಾಗಲ್ಲೇ ಇರಲಿ.